ಗುರುಗಳ ಬಿಸಿನೀರಿನ ತೀರ್ಥಯಾತ್ರೆ

ಗುರುಗಳು ತೀರಿಕೊಂಡ ಸುದ್ದಿ ನಮ್ಮ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಲಂಡನ್ನಿನ ಹೇಸ್‌ನಲ್ಲಿ ಗೋದಾಮಿನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಡಬ್ಬಿ ಖಾಲಿಯಾಗುವುದರೊಳಗೆ ಅವರು ಋಷಿಯಾಗಿದ್ದರು. ಸಂಜೆ ಮನೆ ಸೇರುವ ಹೊತ್ತಿಗೆ ಅವರ ಫೋಟೋದ ಹಿಂದೆ ಯಾರೋ ಪ್ರಭಾವಳಿ ಕೂರಿಸಿದ್ದರು. ಬದುಕಿದ್ದಾಗ ಅವರ ಫೋನ್ ಬಂದರೆ ‘ಮೀಟಿಂಗ್‌ನಲ್ಲಿದ್ದೇನೆ’ ಎಂದು ಮೆಸೇಜು ಹಾಕುತ್ತಿದ್ದವರೇ ‘ತುಂಬಲಾರದ ನಷ್ಟ’ ಎಂದು ಬರೆದಿದ್ದರು. ಸಂತಾಪ ಸಭೆಯಲ್ಲಿ ನನಗೂ ಎರಡು ಮಾತು ಆಡಲು ಹೇಳಿದರು. ಆಡಿದೆ. ಸಭೆಗೆ ತಕ್ಕ ಮಾತುಗಳು ಅವು. ತಕ್ಕದ್ದಲ್ಲದವು ಉಳಿದುಕೊಂಡಿವೆ, ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬೇಡ. ಎಲ್ಲರೂ ಗುರುಗಳೇ ಎನ್ನುತ್ತಿದ್ದರು. ಆ ಮಾತಿನಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎನ್ನುವುದು ಕರೆಯುವವರ ಬಾಯಿಗೆ ಬಿಟ್ಟದ್ದು. ಮೈಸೂರಿನ ಕಡೆಯವರು. ವಾರದ ಐದು ದಿನ ಒಂದು ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದರು, ಉಳಿದೆರಡು ದಿನ ನಮ್ಮೆಲ್ಲರ ಪರಲೋಕವನ್ನು. ಗೃಹಪ್ರವೇಶ, ನಾಮಕರಣ, ಸತ್ಯನಾರಾಯಣ ಪೂಜೆ, ಶ್ರಾದ್ಧ, ಏನೇ ಇದ್ದರೂ ತಾವಿದ್ದ ಕೊಲಿಂಡೇಲ್‌ನಿಂದ ಟ್ಯೂಬ್ ರೈಲು ಹಿಡಿದು ಬರುತ್ತಿದ್ದರು. ಪ್ಯಾಂಟಿನ ಮೇಲೆ ದಪ್ಪ ಕೋಟು, ಕೋಟಿನ ಮೇಲೆ ಶಾಲು, ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು. ಆ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇಲ್ಲದ ದಿನ ಇರಬಹುದು, ಪ್ಲಾಸ್ಟಿಕ್ ಮಗ್ಗು ಇಲ್ಲದ ದಿನ ಇರಲಿಲ್ಲ. ಆಂಗ್ಲರ ಮೇಲೆ ಅವರಿಗಿದ್ದ ತಕರಾರೆಲ್ಲ ಆ ಮಗ್ಗಿನಿಂದಲೇ ಶುರುವಾಗುತ್ತಿತ್ತು. “ಕಾಗದದಲ್ಲಿ ಒರೆಸಿಕೊಳ್ಳೋ ಜನ ಕಣಯ್ಯಾ ಇವರು. ಜಗತ್ತು ಆಳಿದ್ರಂತೆ. ತೊಳ್ಕೊಳ್ಳೋದು ಕಲಿಯೋಕೆ ಆಗ್ಲಿಲ್ಲ” ಎನ್ನುತ್ತಿದ್ದರು. ಈ ಮಾತಿಗೆ ಅವರು ಊಟದ ಹೊತ್ತನ್ನೇ ಏಕೆ ಆರಿಸಿಕೊಳ್ಳುತ್ತಿದ್ದರೋ ಗೊತ್ತಿಲ್ಲ.

ಶುಚಿತ್ವದ ವಿಷಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬಸ್ಸಿನ ಕಂಬ ಹಿಡಿಯುತ್ತಿರಲಿಲ್ಲ; ಬ್ರೇಕ್ ಬಿದ್ದಾಗ ಪಕ್ಕದವರ ಮೇಲೆ ಬಿದ್ದು, ಮನೆಗೆ ಹೋಗಿ ಎರಡನೆಯ ಸ್ನಾನ ಮಾಡುತ್ತಿದ್ದರು. ಒಮ್ಮೆ ತಮ್ಮ ಫ್ಲಾಟಿನಲ್ಲೇ ಹೋಮ ಮಾಡಿದರು. ಹೊಗೆಯ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸಿದ್ದರು. ಅದು ಒಳಗಿನ ಅಲಾರಮ್ಮಿನ ಬಾಯಿ ಕಟ್ಟಿತು, ಕಾರಿಡಾರಿನದು ಬಾಯಿ ತೆರೆದೇ ಇತ್ತು. ಇಡೀ ಕಟ್ಟಡದ ಜನ ಪೈಜಾಮದಲ್ಲಿ ರಸ್ತೆಗಿಳಿದರು. ಅಗ್ನಿಶಾಮಕದವರು ಬಂದು ಬೆಂಕಿ ಎಲ್ಲಿ ಎಂದು ಕೇಳಿದರೆ ಗುರುಗಳು ಹೋಮಕುಂಡ ತೋರಿಸಿ, ಇದು ಪವಿತ್ರ ಅಗ್ನಿ, ಯಾರಿಗೂ ತೊಂದರೆ ಮಾಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. “ಇರಬಹುದು ಸರ್. ಆದರೆ ಇದರಿಂದ ಲಿಫ್ಟು ನಿಂತಿದೆ” ಎಂದ ಅವರಲ್ಲೊಬ್ಬ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನ ತಂದೆ ಧಾರವಾಡದಲ್ಲಿ ತೀರಿಕೊಂಡಾಗ ನನಗೆ ಹೋಗಲಾಗಲಿಲ್ಲ. ಹಿಮ ಬಿದ್ದು ರೈಲು ನಿಂತಿದ್ದ ದಿನ ಈ ಮನುಷ್ಯ ಬಸ್ಸು ಬದಲಿಸಿ ಬದಲಿಸಿ ಹೇಸ್‌ಗೆ ಬಂದು, ಇಡೀ ದಿನ ನನ್ನ ಪಕ್ಕ ಕೂತು ಕರ್ಮ ಮಾಡಿಸಿದರು. ದಕ್ಷಿಣೆ ಮುಟ್ಟಲಿಲ್ಲ. “ತಂದೆ ಹೋಗಿದ್ದಾರೆ, ಅಳೋದು ಬಿಟ್ಟು ಕವರ್ ಹುಡುಕ್ತೀಯಲ್ಲೋ” ಎಂದು ಗದರಿದರು. ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು, ಅವಲಕ್ಕಿ ತಿನ್ನುತ್ತಿದ್ದರು. ಆ ಅರ್ಹತೆ ಪಡೆಯಲು ನಾನೇನೂ ಮಾಡಿರಲಿಲ್ಲ, ಹುಟ್ಟಿದ್ದೆ ಅಷ್ಟೆ.

ಹಾಗೆ ಹುಟ್ಟದೆ ಹೋದವನು ಪರಸು. ಕಲಬುರಗಿ ಕಡೆಯವನು, ವಿಮಾನಗಳ ರಿಪೇರಿ ಮಾಡುವ ಎಂಜಿನಿಯರ್. ದೊಡ್ಡ ಆಳು, ದೊಡ್ಡ ದನಿ. ಯಾರದೇ ಮನೆ ಸಾಮಾನು ಸಾಗಿಸುವುದಿದ್ದರೂ ಅವನ ವ್ಯಾನು ಬರುತ್ತಿತ್ತು, ಜೊತೆಗೆ ಅವನ ಬೈಗುಳವೂ ಬರುತ್ತಿತ್ತು. ಅವನು ಮೊದಲ ಸಲ ನಮ್ಮ ಯುಗಾದಿ ಊಟಕ್ಕೆ ಬಂದಾಗ ಗುರುಗಳು ಹೊಸಬರಿಗೆಲ್ಲ ಕೇಳುವಂತೆ ಕೇಳಿದರು.

“ಯಾವ ಕಡೆಯವರಪ್ಪಾ? ತಂದೆಯವರು ಏನು ಮಾಡ್ಕೊಂಡಿದ್ರು?”

ಇದರ ಅರ್ಥ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪರಸುಗೂ ಗೊತ್ತಿತ್ತು. ಕೋಸಂಬರಿಯ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದ: “ನಮ್ಮಪ್ಪ ಚಪ್ಲಿ ಹೊಲಿತಿದ್ದರಿ ಗುರುಗಳ. ಭಾಳ ಚಂದ ಹೊಲಿತಿದ್ದ. ಮನಿ ದ್ಯಾವ್ರು ಯಲ್ಲಮ್ಮ. ಇನ್ನೇನರ ಕೇಳಾದದ ಏನ್ರಿ?”

“ಸಂತೋಷ, ಸಂತೋಷ” ಎಂದರು ಗುರುಗಳು. ಅವರು ಎರಡು ಸಲ ಸಂತೋಷ ಎಂದರೆ ಸಂತೋಷವಾಗಿಲ್ಲ ಎಂದು ಅರ್ಥ.

ಆಮೇಲೆ ಪರಸು ಫೆಲ್ಥಮ್‌ನಲ್ಲಿ ಮನೆ ಕೊಂಡ. ಗೃಹಪ್ರವೇಶಕ್ಕೆ ಗುರುಗಳನ್ನು ಕೇಳಿದ. ಪಂಚಾಂಗ ನೋಡಿ, ಈ ತಿಂಗಳು ಮುಹೂರ್ತವಿಲ್ಲ ಎಂದರು. ಮುಂದಿನ ತಿಂಗಳೂ ಇರಲಿಲ್ಲ. ಆಷಾಢ ಬಂತು, ಆಮೇಲೆ ಪಕ್ಷಮಾಸ. ಅದೇ ಅವಧಿಯಲ್ಲಿ ಕೊಲಿಂಡೇಲ್‌ನ ಎಳೆಯ ಜೋಡಿಗಳು ಬಾಡಿಗೆ ಫ್ಲಾಟುಗಳಿಗೆಲ್ಲ ಗುರುಗಳಿಂದಲೇ ಪೂಜೆ ಮಾಡಿಸಿಕೊಂಡು ಹಾಲು ಉಕ್ಕಿಸಿದರು. ಕೊನೆಗೆ ಪರಸುವಿನ ಹೆಂಡತಿ ಸಾವಿತ್ರಿ ಊರಿನಲ್ಲಿದ್ದ ಅತ್ತೆಯನ್ನು ಫೋನಿನಲ್ಲಿ ಕೇಳಿಕೊಂಡು ತಾನೇ ಹಾಲು ಉಕ್ಕಿಸಿ ಒಳಗೆ ಹೋದಳು. ಊಟಕ್ಕೆ ಎಲ್ಲರನ್ನೂ ಕರೆದಿದ್ದರು. ಗುರುಗಳೂ ಬಂದರು, ಬಾರದೆ ಇರುವ ಧೈರ್ಯ ಅವರಿಗಿರಲಿಲ್ಲ. ಸೋಫಾದ ತುದಿಯಲ್ಲಿ ಕೂತು, ಇವತ್ತು ಏಕಾದಶಿ, ನೀರೂ ಕುಡಿಯುವುದಿಲ್ಲ ಎಂದರು. ಗುರುಗಳ ಏಕಾದಶಿ ಚಂದ್ರನನ್ನು ನೋಡಿ ಬರುತ್ತಿರಲಿಲ್ಲ, ಯಾರ ಮನೆ ಎಂದು ನೋಡಿ ಬರುತ್ತಿತ್ತು. ಅವರ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ನಾವು ಅವರನ್ನು ಅಮ್ಮಾವ್ರು ಎನ್ನುತ್ತಿದ್ದೆವು. ಸಾವಿತ್ರಿ ತಂದಿಟ್ಟ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಅವರು ನೋಡಿದ ರೀತಿ ನೋಡಿ ನನ್ನ ಹೆಂಡತಿ ನನ್ನ ಕಾಲು ತುಳಿದಳು.

ಐಸ್‌ಲ್ಯಾಂಡಿಗೆ ಹೋಗುವ ಯೋಚನೆ ಗುರುಗಳದೇ. ಭೂಮಿಯೊಳಗಿನ ಬೆಂಕಿಯಿಂದ ನೀರು ಕುದಿದು ಮೇಲೆ ಚಿಮ್ಮುವ, ಬಂಡೆಯ ಸಂದಿಯಿಂದ ಹಬೆ ಏಳುವ ವೀಡಿಯೊ ಒಂದನ್ನು ಯಾರೋ ಅವರಿಗೆ ಕಳಿಸಿದ್ದರು. ಅಗ್ನಿ ಮತ್ತು ಗಂಗೆ ಒಂದೇ ಕಡೆ ಇರುವ ಜಾಗ ಜಗತ್ತಿನಲ್ಲೇ ಅಪರೂಪ, ಆ ನೀರಿನಿಂದ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಬೇಕು ಎಂದು ಗುಂಪಿನಲ್ಲಿ ಬರೆದರು. ಅದಕ್ಕೆ ತೀರ್ಥಯಾತ್ರೆ ಎಂದು ಹೆಸರಿಟ್ಟರು. ಬರುತ್ತೇವೆ ಎಂದು ಕೈಮುಗಿದ ಚಿತ್ರ ಹಾಕಿದವರು ಬಹಳ ಜನ. ಟಿಕೆಟಿನ ಮಾತು ಬಂದಾಗ ಉಳಿದವರು ನಾವು ಗಂಡ ಹೆಂಡತಿ, ಗುರುಗಳು, ಅಮ್ಮಾವ್ರು. ಹಿಮದ ರಸ್ತೆಯಲ್ಲಿ ವ್ಯಾನು ಓಡಿಸುವ ಧೈರ್ಯ ನನಗಿರಲಿಲ್ಲ. ಪರಸುವನ್ನು ಕರೆದೆ. ಸಾವಿತ್ರಿಯೂ ಹೊರಟಳು. ಗುರುಗಳು ಎರಡು ದಿನ ಯೋಚಿಸಿ, ಪ್ರಯಾಣದಲ್ಲಿ ಮಡಿಗೆ ಸ್ವಲ್ಪ ರಿಯಾಯಿತಿ ಇದೆ ಎಂದರು. ರಿಯಾಯಿತಿ ಡ್ರೈವರಿಗೆ ಮಾತ್ರ, ಡ್ರೈವರನ ಡಬ್ಬಿಗಲ್ಲ. ಅವರ ಪೆಟ್ಟಿಗೆಯಲ್ಲಿ ಅಕ್ಕಿ, ಚಟ್ನಿಪುಡಿ, ಕರೆಂಟಿನ ಕುಕ್ಕರು ಮತ್ತು ತೀರ್ಥಕ್ಕೆಂದು ಒಂದು ತಾಮ್ರದ ತಂಬಿಗೆ ಇದ್ದವು.

ಅಲ್ಲಿ ಇಳಿದ ಕೂಡಲೇ ಅವರಿಗೆ ಮೊದಲ ಪೆಟ್ಟು ಹೋಟೆಲಿನ ನಲ್ಲಿಯಲ್ಲೇ ಬಿತ್ತು. ಆ ದೇಶದಲ್ಲಿ ಬಿಸಿನೀರನ್ನು ಕಾಯಿಸುವುದಿಲ್ಲ, ನೆಲದೊಳಗಿಂದ ಪೈಪಿನಲ್ಲಿ ತರುತ್ತಾರೆ. ಗಂಧಕದ ನೀರು. ಗುರುಗಳು ಸ್ನಾನ ಮುಗಿಸಿ ಶಲ್ಯ ಹೊದ್ದು ತಿಂಡಿಯ ಕೋಣೆಗೆ ಬಂದರೆ ಅವರ ಮಡಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಪಕ್ಕದ ಮೇಜಿನವರು ತಟ್ಟೆ ಎತ್ತಿಕೊಂಡು ಹೋದರು.

“ಏನೋ ಒಂಥರಾ ವಾಸನೆ ಅಲ್ವಾ?” ಎಂದರು ಗುರುಗಳು.

“ತತ್ತಿ ಕೊಳ್ತಂಗ ಅದರಿ” ಎಂದ ಪರಸು.

“ನನಗೆ ಹೇಗಪ್ಪಾ ಗೊತ್ತಾಗಬೇಕು. ನಾವು ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ.”

“ಹಂಗಾದ್ರ ಇವತ್ತ ಗೊತ್ತಾತು ಬಿಡ್ರಿ” ಎಂದು ಪರಸು ಚಹಾ ಹೀರಿದ. ಅಮ್ಮಾವ್ರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ವಾಸನೆಗೆ ಎಂದು ಗುರುಗಳು ತಿಳಿದುಕೊಂಡರು.

ಆ ಮಧ್ಯಾಹ್ನ ಊರಿನ ಬಿಸಿನೀರಿನ ಕೊಳಕ್ಕೆ ಹೋದೆವು. ಸುತ್ತ ಹಿಮ, ನಡುವೆ ಹಬೆಯಾಡುವ ನೀಲಿ ನೀರು. ಗುರುಗಳು ದಾರಿಯುದ್ದಕ್ಕೂ ಇಂಥ ನೀರಿನಲ್ಲಿ ಬಿಳಿಯರ ಜೊತೆ ಇಳಿಯುವುದು ಎಷ್ಟು ಅಸಹ್ಯ, ಆದರೂ ಪುಣ್ಯನೀರಾದ್ದರಿಂದ ಮನಸ್ಸು ಗಟ್ಟಿಮಾಡಬೇಕು ಎನ್ನುತ್ತ ಬಂದರು. ಆದರೆ ಆ ನೀರಿಗೆ ಕ್ರಿಮಿ ಕೊಲ್ಲುವ ಮದ್ದು ಹೆಚ್ಚು ಹಾಕುವುದಿಲ್ಲ; ಅದಕ್ಕೆ ಅಲ್ಲೊಂದು ನಿಯಮವಿದೆ. ಇಳಿಯುವ ಮೊದಲು ಪ್ರತಿಯೊಬ್ಬರೂ ಬಟ್ಟೆಯನ್ನೆಲ್ಲ ಬಿಚ್ಚಿ, ಎಲ್ಲರೂ ನಿಲ್ಲುವ ಶವರಿನ ಕೆಳಗೆ, ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಎಲ್ಲೆಲ್ಲಿ ತೊಳೆಯಬೇಕು ಎಂದು ಗೋಡೆಯ ಮೇಲೆ ಮನುಷ್ಯನ ಚಿತ್ರ ಬರೆದು ಕೆಂಪು ಬಣ್ಣದಲ್ಲಿ ಗುರುತು ಮಾಡಿದ್ದರು. ಪಾಲಿಸುತ್ತಾರೋ ಇಲ್ಲವೋ ಎಂದು ನೋಡಲು ಒಬ್ಬ ಮುದುಕ ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದ.

ನಾನೂ ಪರಸುವೂ ನಾಚಿಕೆಯನ್ನು ಲಾಕರಿನಲ್ಲಿಟ್ಟು ತೊಳೆದುಕೊಂಡೆವು. ಗುರುಗಳು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಈಜುಚಡ್ಡಿ ಹಾಕಿಕೊಂಡು, ಅದರ ಮೇಲೆ ಪಂಚೆ ಸುತ್ತಿಕೊಂಡು, ನೇರವಾಗಿ ಬಾಗಿಲ ಕಡೆ ನಡೆದರು. ಮುದುಕ ಕೋಲು ಅಡ್ಡ ಹಿಡಿದ. ಮೊದಲು ತೊಳೆದುಕೊಳ್ಳಿ, ಬಟ್ಟೆ ಇಲ್ಲದೆ ಎಂದ.

ಬೆಳಿಗ್ಗೆಯೇ ಸ್ನಾನವಾಗಿದೆ ಎಂದರು ಗುರುಗಳು. ಎಲ್ಲರೂ ಹಾಗೇ ಹೇಳುತ್ತಾರೆ ಎಂದ ಅವನು. ತಮ್ಮ ಮನೆತನದಲ್ಲಿ ಸ್ನಾನವಿಲ್ಲದೆ ಬಾಯಿಗೆ ನೀರೂ ಹಾಕುವುದಿಲ್ಲ ಎಂದರು. ಅವನು ಗೋಡೆಯ ಚಿತ್ರ ತೋರಿಸಿದ. ಗುರುಗಳು ದಾರಿ ಕಾಣದೆ ಕೊನೆಯ ಅಸ್ತ್ರ ತೆಗೆದರು.

“ಐ ಆಮ್ ಎ ಬ್ರಾಹ್ಮಿನ್.”

ಮುದುಕ ಗೌರವದಿಂದಲೇ ತಲೆಯಾಡಿಸಿದ. “ವೆಲ್‌ಕಮ್. ಸೋಪು ಅಲ್ಲಿದೆ” ಎಂದ.

ಪರಸು ಗೋಡೆ ಹಿಡಿದು ನಕ್ಕ. ಬತ್ತಲೆ ಮನುಷ್ಯ ಹಾಗೆ ನಗುವುದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಗುರುಗಳು ವಾಪಸು ಬಟ್ಟೆ ಹಾಕಿಕೊಂಡು, ಕೋಟಿನ ಗುಂಡಿಯನ್ನು ಕತ್ತಿನ ತನಕ ಬಿಗಿದು, ಗಾಜಿನ ಆಚೆ ಬೆಂಚಿನ ಮೇಲೆ ಹೋಗಿ ಕೂತರು. ಜೀವನವಿಡೀ ಲೋಕದ ಕೊಳೆ ಎಣಿಸಿದವರನ್ನು ಕೊಳೆಯೆಂದು ಹೊರಗೆ ಕೂರಿಸಿದ್ದು ಅದೇ ಮೊದಲು. ಅವರ ಮುಖದಲ್ಲಿ ಅವಮಾನಕ್ಕಿಂತ ಆಶ್ಚರ್ಯ ಹೆಚ್ಚಾಗಿತ್ತು.

ಅಲ್ಲಿಂದ ಅವರಿಗೆ ಕಂಡದ್ದು ಅಮ್ಮಾವ್ರು. ಹೆಂಗಸರ ಕಡೆ ಯಾವ ರಗಳೆಯೂ ಆಗಿರಲಿಲ್ಲ. “ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದೋಳು ನಾನು, ನನಗೇನು ನಾಚ್ಕೆ?” ಎಂದು ಎಲ್ಲರಿಗಿಂತ ಮೊದಲು ತೊಳೆದುಕೊಂಡು ಹೊರಬಂದಿದ್ದರಂತೆ. ಸಾವಿತ್ರಿ ಕೊಟ್ಟ ಈಜುಡುಗೆ ತೊಟ್ಟಿದ್ದರು. ನೀರಿನಲ್ಲಿ ಅಂಗಾತ ತೇಲುತ್ತ, ಮುಖದ ಮೇಲೆ ಹಿಮದ ಹಳಕು ಬಿದ್ದಾಗೆಲ್ಲ ನಗುತ್ತಿದ್ದರು. ಗುರುಗಳು ಗಾಜಿನ ಮೇಲೆ ಬಡಿದು ಕೈಸನ್ನೆ ಮಾಡಿದರು. ಅಮ್ಮಾವ್ರು ನೋಡಿ, ಕೈಬೀಸಿ, ಇನ್ನೂ ಆಳದ ಕಡೆಗೆ ಹೋದರು.

ಮರುದಿನ ಹಬೆಯ ಗುಡ್ಡಕ್ಕೆ ಹೊರಟಾಗ ಗುರುಗಳು, ಕಟ್ಟಿದ ಕೊಳದ ನೀರು ತೀರ್ಥವೇ ಅಲ್ಲ, ನಿಜವಾದ ತೀರ್ಥ ಭೂಮಿಯಿಂದ ನೇರ ಬರಬೇಕು ಎಂದು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಆ ಗುಡ್ಡದ ತಪ್ಪಲನ್ನು ವರ್ಣಿಸುವುದು ಕಷ್ಟ. ನೆಲ ಹಳದಿ, ಕೆಂಪು, ಬೂದಿ ಬಣ್ಣದಲ್ಲಿ ಹುಣ್ಣಿನ ಹಾಗೆ ಒಡೆದಿತ್ತು. ಅಲ್ಲಲ್ಲಿ ಬೂದುಗೆಸರು ಅಂಬಲಿಯಂತೆ ಗುಳುಗುಳು ಕುದಿಯುತ್ತಿತ್ತು. ಬಂಡೆಯ ಬಿರುಕಿನಿಂದ ಹಬೆ ಕುಕ್ಕರಿನ ಸೀಟಿಯ ಹಾಗೆ ಕಿರುಚಿಕೊಂಡು ಏಳುತ್ತಿತ್ತು. ಗಾಳಿ ತಿರುಗಿದರೆ ಪಕ್ಕದಲ್ಲಿ ನಿಂತವರೂ ಕಾಣುತ್ತಿರಲಿಲ್ಲ. ನಡೆಯಲು ಹಲಗೆಯ ದಾರಿ, ಎರಡೂ ಬದಿಗೆ ಹಗ್ಗ. ಹಗ್ಗದಾಚೆ ಕಾಲಿಡಬೇಡಿ, ನೆಲದ ಪದರು ತೆಳುವಾಗಿದೆ, ಕೆಳಗೆ ಕುದಿಯುವ ನೀರಿದೆ ಎಂದು ಎಲ್ಲೆಲ್ಲೂ ಬರೆದಿತ್ತು. ನನಗೆ ಅದನ್ನು ನೋಡಿ ಹೆದರಿಕೆಯಾಯಿತು. ಸಾವಿತ್ರಿ ಕೈಮುಗಿದಳು. ಗುರುಗಳು ಹಗ್ಗದ ಆಚೆ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಬುಗ್ಗೆಯನ್ನು ನೋಡುತ್ತಿದ್ದರು. ತಿಳಿನೀರು, ತಟ್ಟೆಯಷ್ಟು ಅಗಲ.

“ಗುರುಗಳ, ಅತ್ತಾಗ ಹೋಗಬ್ಯಾಡ್ರಿ” ಎಂದ ಪರಸು.

“ತೀರ್ಥಕ್ಕೆ ಹಗ್ಗ ಕಟ್ಟೋಕೆ ಇವರ್ಯಾರಪ್ಪಾ?”

“ಸರಕಾರದವ್ರು ಕಟ್ಯಾರ್ರಿ. ನೆಲ ಟೊಳ್ಳ ಅದ.”

“ನಿನ್ನೆ ಒಬ್ಬ ನನಗೆ ಶುಚಿ ಹೇಳಿಕೊಟ್ಟ. ಇವತ್ತು ನೀನು ಭೂಮಿ ಹೇಳಿಕೊಡ್ತೀಯಾ?” ಎಂದರು. ಅಮ್ಮಾವ್ರು “ರೀ” ಎನ್ನುವುದರೊಳಗೆ ಹಗ್ಗ ದಾಟಿದ್ದರು.

ನಾಲ್ಕು ಹೆಜ್ಜೆ ಸರಿಯಾಗಿಯೇ ಇಟ್ಟರು. ತಿರುಗಿ ನಮ್ಮನ್ನು ನೋಡಿದರು, ನೋಡಿದಿರಾ ಎನ್ನುವ ಹಾಗೆ. ಮುಂದಿನ ಹೆಜ್ಜೆಗೆ ನೆಲ ಹಪ್ಪಳದಂತೆ ಮುರಿದು, ಬಲಗಾಲು ಕಣಕಾಲಿನ ತನಕ ಕೆಸರಿನೊಳಗೆ ಹೋಯಿತು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ದೇವರ ಹೆಸರಾಗಲಿ ಮಂತ್ರವಾಗಲಿ ಅದರಲ್ಲಿ ಇರಲಿಲ್ಲ. “ಅಮ್ಮಾ” ಎಂದರು, ಬರೀ ಅಮ್ಮಾ.

ನಾವೆಲ್ಲ ಹಲಗೆಯ ಮೇಲೆ ನಿಂತಲ್ಲೇ ನಿಂತಿದ್ದೆವು. ಪರಸು ಹಗ್ಗ ದಾಟಿ, ಗುರುಗಳ ಹೆಜ್ಜೆಗೆ ಮುರಿಯದೆ ಉಳಿದ ಜಾಗದಲ್ಲೇ ಹೆಜ್ಜೆಯಿಟ್ಟು ಹೋಗಿ, ಹಿಂದಿನಿಂದ ಅವರ ಎರಡೂ ಕಂಕುಳಿಗೆ ಕೈಹಾಕಿ ಎಳೆದ. ಹೊತ್ತುಕೊಂಡೇ ವಾಪಸು ಬಂದ. ಹಲಗೆಯ ಮೇಲೆ ಕೂರಿಸಿ, ಶೂ ಕಿತ್ತು, ಸಾಕ್ಸ್ ಬಿಚ್ಚಿ, ಅವರ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಕಾಲು ಬೇಯಿಸಿದ ಬೀಟ್‌ರೂಟಿನಂತಾಗಿತ್ತು. “ನೀರು ಕೊಡ” ಎಂದು ಕೂಗಿದ. ಸಾವಿತ್ರಿ ತಮ್ಮ ಕುಡಿಯುವ ಬಾಟಲಿಗಳನ್ನೆಲ್ಲ ಕೊಟ್ಟಳು. ಪರಸು ಒಂದಾದ ಮೇಲೊಂದು ನಿಧಾನವಾಗಿ ಸುರಿದ. ಅಮ್ಮಾವ್ರು ನರ್ಸ್ ಆಗಿದ್ದವರು, “ನಿಲ್ಲಿಸಬೇಡ, ಸುರೀತಾ ಇರು” ಎನ್ನುತ್ತ ಗಂಡನ ತಲೆ ಹಿಡಿದುಕೊಂಡರು. ಬಾಯಿ ಒಣಗಿ ಗುರುಗಳು ನೀರು ನೀರು ಎಂದಾಗ ಅದೇ ಬಾಟಲಿಯನ್ನು ಬಾಯಿಗೆ ಹಿಡಿದಳು ಸಾವಿತ್ರಿ. ಕುಡಿದರು. ಯಾರ ಮನೆಯ ನೀರು ಎಂದು ಕೇಳಲಿಲ್ಲ. ತಿಥಿಯನ್ನೂ ಕೇಳಲಿಲ್ಲ.

ಅಲ್ಲಿಯ ಕಾವಲಿನ ಹೆಂಗಸು ಓಡಿಬಂದು ಅವರನ್ನು ಬಿಟ್ಟು ನಮ್ಮನ್ನೆಲ್ಲ ಬೈದಳು. ಆಂಬುಲೆನ್ಸು ಬಂತು. ತಂಬಿಗೆ ಹಗ್ಗದಾಚೆಯೇ ಉಳಿಯಿತು.

ಲಂಡನ್ನಿಗೆ ವಾಪಸಾದ ಮೇಲೆ ಗಾಯ ಮಾಗಲು ಬಹಳ ಕಾಲ ಹಿಡಿಯಿತು. ನೋಡಲು ಹೋದೆವು, ನಾವಿಬ್ಬರು ಮತ್ತು ಪರಸು ದಂಪತಿ. ಕೊಲಿಂಡೇಲ್‌ನ ಎಂಟನೆಯ ಮಹಡಿಯ ಫ್ಲಾಟು. ಗುರುಗಳು ದಿಂಬಿನ ಮೇಲೆ ಕಾಲು ಚಾಚಿ ಕೂತಿದ್ದರು. ಸಾವಿತ್ರಿ ಹೋಳಿಗೆ ಮಾಡಿ ತಂದಿದ್ದಳು. ಡಬ್ಬಿ ತೆರೆದಾಗ ಏಲಕ್ಕಿಯ ವಾಸನೆ ಕೋಣೆ ತುಂಬಿತು. ಗುರುಗಳು ಡಬ್ಬಿ ನೋಡಿದರು, ಪರಸುವನ್ನು ನೋಡಿದರು, ಕಿಟಕಿಯ ಕಡೆ ತಿರುಗಿದರು.

“ಇವತ್ತು ಏಕಾದಶಿ ಅಲ್ವೇನಮ್ಮಾ” ಎಂದರು.

ಅಮ್ಮಾವ್ರು ಒಳಗಿನಿಂದ ತಟ್ಟೆ ತಂದರು. “ಏಕಾದಶಿ ಹೋದ ವಾರ ಆಯ್ತು. ಅವತ್ತು ನೀವು ಎರಡು ಸಲ ಉಪ್ಪಿಟ್ಟು ತಿಂದ್ರಿ” ಎಂದು ಹೇಳಿ, ಹೋಳಿಗೆ ಹಾಕಿಕೊಂಡು, ಮೇಲೆ ತುಪ್ಪ ಸುರಿದುಕೊಂಡು, ಗಂಡನ ಎದುರಿನ ಕುರ್ಚಿಯಲ್ಲಿ ಕೂತು ತಿಂದರು. ಅವಸರ ಮಾಡಲಿಲ್ಲ. ಇನ್ನೊಂದು ಹಾಕಿಸಿಕೊಂಡರು. ಗುರುಗಳು ಕಿಟಕಿಯಾಚೆ ಹೊಸ ಕಟ್ಟಡದ ಕ್ರೇನು ತಿರುಗುವುದನ್ನು ಅದೇ ಮೊದಲು ನೋಡುತ್ತಿರುವ ಹಾಗೆ ನೋಡಿದರು. ಅಂದಿನಿಂದ ಅಮ್ಮಾವ್ರು ಶನಿವಾರಗಳಲ್ಲಿ ಒಬ್ಬರೇ ಫೆಲ್ಥಮ್‌ಗೆ ಹೋಗತೊಡಗಿದರು. ಗುರುಗಳು ಕುಕ್ಕರಿನಲ್ಲಿ ತಾವೇ ಅನ್ನ ಮಾಡಿಕೊಳ್ಳುವುದನ್ನು ಕಲಿತರು. ಚೆನ್ನಾಗಿ ಕಲಿಯಲಿಲ್ಲ.

ಮುಂದಿನ ದೀಪಾವಳಿಗೆ ಕಮ್ಯುನಿಟಿ ಹಾಲಿನಲ್ಲಿ ಅವರ ಭಾಷಣವಿತ್ತು. ಕೋಲೂರಿಕೊಂಡು ವೇದಿಕೆ ಹತ್ತಿದರು. ಅಗ್ನಿದೇವ ತಮ್ಮ ಪಾದವನ್ನು ಮುಟ್ಟಿ ಪರೀಕ್ಷಿಸಿದ ಕಥೆ ಹೇಳಿದರು. ಹಬೆಯ ನಡುವೆ ಒಂದು ತೇಜಸ್ಸು ಕಂಡಿತಂತೆ. ಹಗ್ಗದ ಮಾತು ಬರಲಿಲ್ಲ. “ಆಗ ಯಾರೋ ಒಬ್ಬರು ಬಂದು ನೀರು ಹಾಕಿದರು” ಎಂದು ಮುಂದೆ ಸಾಗಿದರು.

ಹಾಲಿನ ಹಿಂದಿನಿಂದ ದನಿ ಬಂತು. “ಆ ಯಾರೋ ಒಬ್ಬ ನಾನ್ರೀ ಗುರುಗಳ. ಇಲ್ಲೇ ಇದ್ದೀನಿ.”

ಜನ ನಕ್ಕರು. ಗುರುಗಳು ಮೈಕು ಹತ್ತಿರ ಎಳೆದುಕೊಂಡರು. “ಹೌದಪ್ಪಾ. ಭಗವಂತ ನಿಮಿತ್ತ ಮಾಡಿದ” ಎಂದರು. ಮತ್ತೆ ತೇಜಸ್ಸಿಗೆ ಹೋದರು.

ಅದಕ್ಕೂ ಮೊದಲು, ಗಾಯ ಮಾಗುತ್ತಿದ್ದಾಗ, ಅವರನ್ನು ಡ್ರೆಸ್ಸಿಂಗ್ ಬದಲಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವನು ನಾನು. ಒಂದು ದಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, ಕೇಳದೆಯೇ ಹೇಳಿದರು.

“ಅವನು ನನ್ನ ಕಾಲು ತೊಡೆ ಮೇಲೆ ಇಟ್ಕೊಂಡಿದ್ದ ಕಣೋ. ನಮ್ಮಪ್ಪನ ಕಾಲನ್ನ ನಾನು ಹಾಗೆ ಇಟ್ಕೊಂಡಿಲ್ಲ.”

“ಅದನ್ನ ಅವಗ ಹೇಳ್ರಿ” ಎಂದೆ.

“ಹೇಗೆ ಹೇಳೋದು” ಎಂದರು. ನಿಜವಾಗಿಯೂ ಗೊತ್ತಿಲ್ಲದವರ ದನಿ ಅದು. ಸಂಸ್ಕೃತದಲ್ಲಿ ಸಾವಿರ ಶ್ಲೋಕ ಬಾಯಲ್ಲಿದ್ದವರಿಗೆ ಕನ್ನಡದ ಒಂದು ವಾಕ್ಯ ಬರುತ್ತಿರಲಿಲ್ಲ. ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಗುರುಗಳು ಈ ದೇಶದವರಿಗೆ ತಾಳ್ಮೆಯೇ ಇಲ್ಲ ಎಂದು ಶುರು ಮಾಡಿದರು. ಆ ಮಾತು ಅಲ್ಲಿಗೇ ಮುಗಿಯಿತು, ಆಮೇಲೂ ಅವರು ಪರಸುವಿಗೆ ಏನೂ ಹೇಳಲಿಲ್ಲ.

ಈ ಚಳಿಗಾಲ ಅವರ ಹೃದಯ ನಿಂತಿತು. ಮಕ್ಕಳಿರಲಿಲ್ಲ. ಚಿತಾಗಾರಕ್ಕೆ ಬಹಳ ಜನ ಬಂದಿದ್ದರು. ಒಳಗಿನ ಸಭಾಂಗಣದಲ್ಲಿ ಮೊದಲು ಭಾಷಣ ಮಾಡುವವರೆಲ್ಲ ಚೀಟಿ ಹಿಡಿದು ನಿಂತಿದ್ದರು. ಹೊರಗೆ ಕಪ್ಪು ಗಾಡಿಯಲ್ಲಿ ಪೆಟ್ಟಿಗೆ ಬಂದು ನಿಂತಿತು. ಕಪ್ಪು ಕೋಟಿನ ಆಂಗ್ಲ ಮನುಷ್ಯ, ಹೊರಲು ಆರು ಜನ ಬೇಕು, ಎತ್ತರ ಸರಿಹೊಂದಬೇಕು ಎಂದ. ನಮ್ಮ ಹಿರಿಯರಲ್ಲಿ ಒಬ್ಬೊಬ್ಬರಿಗೂ ಸೊಂಟನೋವು ಬಂತು. ಒಬ್ಬರಿಗೆ ಮಂಡಿ, ಒಬ್ಬರಿಗೆ ಬಿ.ಪಿ., ತುಂಬಲಾರದ ನಷ್ಟ ಎಂದು ಬರೆದವರಿಗೆ ಜಿ.ಪಿ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು. ನಾನು, ಗುರುಗಳ ಬ್ಯಾಂಕಿನ ಮೂವರು ಎಳೆಯ ಸಹೋದ್ಯೋಗಿಗಳು, ಪಕ್ಕದ ಫ್ಲಾಟಿನ ಒಬ್ಬ ಪೋಲಿಷ್ ಮನುಷ್ಯ. ಐದು ಜನವಾದೆವು.

ಪರಸು ಹಿಂದೆ, ಮರದ ಕೆಳಗೆ, ಸಾವಿತ್ರಿಯ ಜೊತೆ ನಿಂತಿದ್ದ. ಮುಂದೆ ಬರಲಿಲ್ಲ. ಯಾರೂ ಕರೆಯಲೂ ಇಲ್ಲ. ಅಮ್ಮಾವ್ರು ಜನರ ನಡುವೆ ನಡೆದುಕೊಂಡು ಅವನ ಹತ್ತಿರ ಹೋದರು.

“ಪರಸು, ನೀನು ಮುಂದೆ ಹಿಡಿ.”

ಅವನು ತಲೆ ತಗ್ಗಿಸಿದ. “ನೀವು ಹೇಳಿದ್ರ ಹಿಡೀತೀನ್ರಿ ಅಮ್ಮಾರ. ಆದ್ರ ಗುರುಗಳಿಗಿ ಕೇಳಿದ್ರ ಬ್ಯಾಡ ಅಂತಿದ್ರು.”

ಹಿರಿಯರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು, ಸಂಪ್ರದಾಯ ಅಂತ ಒಂದು ಇರುತ್ತೆ, ಸ್ವಲ್ಪ ಯೋಚನೆ ಮಾಡಿ ಎಂದರು. ಅಮ್ಮಾವ್ರು ಅವರ ಕಡೆ ತಿರುಗಿಯೂ ನೋಡಲಿಲ್ಲ.

“ಅವರನ್ನ ಕೇಳೋ ಕಾಲ ಮುಗೀತು” ಎಂದರು.

ಪರಸು ಕೋಟು ಬಿಚ್ಚಿ ಸಾವಿತ್ರಿಯ ಕೈಗೆ ಕೊಟ್ಟ. ಬಂದು ಮುಂದಿನ ಬಲಗಡೆ ನಿಂತು ಬಗ್ಗಿದ. ನಾನು ಅವನ ಹಿಂದೆ ಇದ್ದೆ. “ಎತ್ರಿ” ಎಂದ. ಎತ್ತಿದೆವು.